ಚಕ್ರದ ಕೆಳಗಿನ ನಿಂಬೆಹಣ್ಣು

ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದೆ, ಅಂಗಳ ಸಾರಿಸಿದೆ, ರಾಗಿಹಿಟ್ಟು ಜರಡಿ ಹಿಡಿದೆ, ಆಮೇಲೆ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಲು ಕೂತೆ. ಆ ವಾಸನೆಗೆ ತ್ಯಾಮಗೊಂಡ್ಲು ಹತ್ತಿರದ ನಮ್ಮ ಹಳೇ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ತಂಗಿ ಗೌರಿಗೆ ಹುಟ್ಟಿದಾಗಿನಿಂದ ಕಾಲಲ್ಲಿ ಶಕ್ತಿ ಇರಲಿಲ್ಲ. ಎಂಟು ವರ್ಷದವಳನ್ನೂ ಅಜ್ಜಿ ಸೊಂಟದ ಮೇಲೆ ಹೊತ್ತೇ ತಿರುಗುತ್ತಿದ್ದಳು. ಇಂಥ ಮಕ್ಕಳಿಗೆ ನೆರವಾಗುವ ಒಂದು ಟ್ರಸ್ಟಿನವರು ಕೊಟ್ಟ ಗಾಲಿಕುರ್ಚಿ ಮಾತ್ರ ರಾಗಿ ಮೂಟೆಗಳ ಹಿಂದೆ, ಗೋಣಿಚೀಲದ ಕೆಳಗೆ ಇತ್ತು. ಗೌರಿ ಅದನ್ನು ಬಳಸುತ್ತಿದ್ದಾಳಾ ಎಂದು ನೋಡಿಕೊಂಡು ಹೋಗಲು ಆ ಮಧ್ಯಾಹ್ನ ಟ್ರಸ್ಟಿನ ಮೇಡಂ ಬಂದರು.

"ಯಾಕಜ್ಜಿ, ಕುರ್ಚಿ ಸರಿಯಿಲ್ವಾ?"

"ಅದ್ರಲ್ಲಿ ಕೂತ್ಬಿಟ್ರೆ ಕಾಲು ನಡೆಯೋ ಆಸೆನೇ ಬಿಟ್ಬಿಡ್ತದೆ ಕಣವ್ವಾ."

ಮೇಡಂ ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು. "ನಡೀತಾಳೆ ಅಂತ ಸುಳ್ಳು ಹೇಳಲ್ಲ ಅಜ್ಜಿ. ಇದ್ರಲ್ಲಿ ಕೂತ್ರೆ ಇಸ್ಕೂಲಿಗಂತೂ ಹೋಗ್ತಾಳೆ."

ಅಜ್ಜಿ ಬಹಳ ಹೊತ್ತು ಗೌರಿಯ ಪಾದ ಸವರುತ್ತಾ ಕೂತಳು.

"ಅಜ್ಜಿ, ಎತ್ಕೊಂಡಾಗ ನಿನ್ ಸೊಂಟದ ಮೂಳೆ ಚುಚ್ತದೆ" ಎಂದಳು ಗೌರಿ.

"ನೋಡವ್ವಾ, ಇವಳ ಸೊಕ್ಕು" ಎನ್ನುತ್ತಾ ಅಜ್ಜಿ ಎದ್ದು ಗೋಣಿಚೀಲ ಎಳೆದುಹಾಕಿದಳು. ನನ್ನನ್ನು ಹಿತ್ತಲಿಗೆ ಓಡಿಸಿ ನಿಂಬೆಹಣ್ಣು ಕೀಳಿಸಿದಳು. ಮೇಡಂ ನಕ್ಕಾಗ, "ಹೊಸ ಗಾಡಿ ಸುಮ್ನೆ ಹೊರಡಿಸ್ತಾರಾ?" ಎಂದು ಕುರ್ಚಿಗೆ ಅರಿಶಿನ ಕುಂಕುಮ ಇಟ್ಟು, ಗೌರಿಯನ್ನು ಎತ್ತಿ ಅದರಲ್ಲಿ ಕೂರಿಸಿ, ಚಕ್ರಗಳ ಕೆಳಗೆ ಹಣ್ಣಿಟ್ಟಳು.

"ತಳ್ಳೇ, ನೀನೇ ತಳ್ಳು."

ಗೌರಿ ಹಲ್ಲು ಕಚ್ಚಿ ಚಕ್ರ ತಿರುಗಿಸಿದಳು. ಹಣ್ಣುಗಳು ಅಪ್ಪಚ್ಚಿಯಾಗಿ ರಸ ನನ್ನ ಲಂಗಕ್ಕೆ ಸಿಡಿಯಿತು. ಅವಳು ಹಿಂತಿರುಗಿ ನೋಡದೆ ಬೀದಿಬಾಗಿಲ ತನಕ ಹೋದಳು.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಗೌರಿ ಕುರ್ಚಿಯಿಂದ ಇಳಿಯದೆಯೇ ಉಂಡಳು. ದಿನಾ ಅವಳ ಕಾಲಿಗೆ ಎಣ್ಣೆ ತಿಕ್ಕಿ ಎಲ್ಲರಿಗಿಂತ ಕಡೆಗೆ ಮಲಗುತ್ತಿದ್ದ ಅಜ್ಜಿ, ಅವತ್ತು ಎಲ್ಲರಿಗಿಂತ ಮೊದಲು ನಿದ್ದೆ ಹೋದಳು.