ಮುನವಳ್ಳಿಯಲ್ಲಿ ನನ್ನ ಮೊದಲ ಉಪವಾಸ

ಗುರೆಳ್ಳು ಹುರಿಯುವ ವಾಸನೆ ಬಂದರೆ ಇವತ್ತಿಗೂ ನನಗೆ ಮುನವಳ್ಳಿಯ ಆ ಶುಕ್ರವಾರದ ಮಧ್ಯಾಹ್ನದ ಮೇಲೆ ಸಿಟ್ಟು ಬರುತ್ತದೆ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ. ಶುಕ್ರವಾರ ಹಗಲು ನಮ್ಮ ಮನೆಯ ದೊಡ್ಡವರು ಉಣ್ಣುತ್ತಿರಲಿಲ್ಲ. ಒಂಬತ್ತು ವರ್ಷದ ನಾನು ಅಂದು ಮೊದಲ ಸಲ ಉಪವಾಸ ಹಿಡಿದು, ಅದನ್ನು ಓಣಿಗೆಲ್ಲ ಸಾರಿ ಬಂದಿದ್ದೆ. ಸಂಜೆಗೆಂದು ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು "ಸಂಜಿ ಆತೇನವ್ವಾ?" ಎಂದು ಹತ್ತನೇ ಸಲ ಕೇಳಿದಾಗ ಅವಳ ತಾಳ್ಮೆ ಮುಗಿಯಿತು.

"ಹೊಟ್ಟಿಗಷ್ಟ ಉಪವಾಸ ಏನು? ಬಾಯಿಗಿಲ್ಲೇನು? ನೀ ಬಿಟ್ಟ ಊಟ ಯಾರಿಗರ ಮುಟ್ಟಬೇಕು. ಹುಸೇನಬಿ ಅಜ್ಜಿಗೆ ಕೊಟ್ಟು ಬಾ."

ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಮೇಲೆ ಎಣ್ಣೆ. ಮೂಗು ಬಿಗಿಹಿಡಿದು ಒಯ್ದೆ. ಎದುರುಮನೆಯ ಹುಸೇನಬಿ ಅಜ್ಜಿ ಕಾಲು ಮುರಿದುಕೊಂಡು ತಿಂಗಳಿಂದ ಮಲಗಿದ್ದಳು. ಲಾರಿ ಓಡಿಸುವ ಮಗ ವಾರಗಟ್ಟಲೆ ಬರುತ್ತಿರಲಿಲ್ಲ.

"ನೀನೂ ಕುಂದ್ರು ಬೇಟಿ. ಒಬ್ಬಾಕಿನ ಉಂಡು ಉಂಡು ತುತ್ತ ಇಳಿಯವಲ್ದು."

"ನಂದು ಉಪವಾಸ ಐತಿ ಅಜ್ಜಿ."

"ಹಂಗಾರ ನಂದೂ ಉಪವಾಸ," ಎಂದು ತಟ್ಟೆ ಸರಿಸಿಬಿಟ್ಟಳು.

ಎಷ್ಟು ಬೇಡಿಕೊಂಡರೂ ಹಟಮಾರಿ ಮುದುಕಿ ಕೇಳಲಿಲ್ಲ. ಕೊನೆಗೆ ಅಳುತ್ತಲೇ ಪಕ್ಕದಲ್ಲಿ ಕೂತು ಒಂದು ರೊಟ್ಟಿ ತಿಂದೆ. ಅವಳು ಎರಡು ತಿಂದು, ತನ್ನ ಮದುವೆಯ ಕಥೆ ಹೇಳಿ ಒಬ್ಬಳೇ ನಕ್ಕಳು.

ಮನೆಗೆ ಓಡಿಬಂದು, "ನನ್ನ ಉಪವಾಸ ಕೆಟ್ಟತು!" ಎಂದು ಗೋಳಾಡಿದೆ.

ಅವ್ವ ತವೆಯಿಂದ ಕಣ್ಣೆತ್ತಲಿಲ್ಲ. "ಅಕಿ ಉಂಡಳೇನು?"

"ಎರಡು ರೊಟ್ಟಿ ಉಂಡಳು."

"ಮತ್ತ ಅಳೂದ್ಯಾಕ? ಹೋಗಿ ಮುಖ ತೊಳಕೋ. ಮುಂದಿನ ಶುಕ್ರವಾರನೂ ನೀನ ಒಯ್ಯಬೇಕು."