ಪಂಜರ ಬಹಳ ಚೊಕ್ಕಟ

"ಇದು ನನ್ನ ಮಗಳಿಗೆ ವರಸೇಲಿ ಏನಾಗ್ಬೇಕು?" ಎಂದು ಟೈಲರಮ್ಮ ಕೇಳಿದಾಗ ಸಂಶೋಧಕಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಪಂಜರದೊಳಗಿನ ಕಂದು ಇಲಿ, ಈ ಸಂಬಂಧಕ್ಕೂ ತನಗೂ ಏನೂ ಇಲ್ಲವೆಂಬಂತೆ ಮೀಸೆ ತೀಡಿಕೊಳ್ಳುತ್ತಿತ್ತು.

"ದಾಯಾದಿ ಆಗ್ಬೇಕು," ಎಂದ ಇಲಿಮಾವ. ಇಪ್ಪತ್ತು ವರ್ಷದಿಂದ ಪಂಜರಗಳನ್ನು ನೋಡಿಕೊಳ್ಳುತ್ತಿದ್ದ ಆತನನ್ನು ಇಡೀ ಪ್ರಯೋಗಾಲಯ ಕರೆಯುತ್ತಿದ್ದದ್ದೇ ಹಾಗೆ.

"ಪಾಲು ಕೇಳ್ದೆ ಇದ್ರೆ ಸರಿ," ಎಂದಳು ಟೈಲರಮ್ಮ.

ಅವಳ ಒಂಬತ್ತು ವರ್ಷದ ಮಗಳಿಗೆ ಒಂದು ಜೀನಿನಲ್ಲಿ ಹುಟ್ಟಿನಿಂದಲೇ ಒಂದಕ್ಷರದ ತಪ್ಪು. ಅದರಿಂದ ದಿನಕ್ಕೆ ಹಲವು ಸಲ ಫಿಟ್ಸ್. ಅದೇ ತಪ್ಪನ್ನು ಇಲಿಗಳಲ್ಲಿ ಮೂಡಿಸಿ, ಸಂಶೋಧಕಿ ಹೊಸದೊಂದು ಔಷಧವನ್ನು ಪರೀಕ್ಷಿಸುತ್ತಿದ್ದಳು. ಇಂಥ ಮಕ್ಕಳ ತಂದೆತಾಯಿಯರು ಬಂದು ನೋಡಲೆಂದು ಇವತ್ತೊಂದು ದಿನ ಗೊತ್ತು ಮಾಡಿದ್ದರು. ಬಂದವಳು ಇವಳೊಬ್ಬಳೇ. ಕೊಟ್ಟ ನೀಲಿ ಗೌನು, ಟೋಪಿ, ಮಾಸ್ಕುಗಳನ್ನೆಲ್ಲ ಹಾಕಿಕೊಂಡಿದ್ದಳು. ಆದರೆ ಗೌನಿನ ತೋಳಿನ ಹೊಲಿಗೆಯನ್ನು ಎಳೆದೆಳೆದು ನೋಡಿ, "ಯಾರೋ ಅವಸರದಲ್ಲಿ ಹೊಲ್ದಿದಾರೆ" ಎಂದು ತೀರ್ಪು ಕೊಡುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಸಂಶೋಧಕಿ ಗಂಟಲು ಸರಿಮಾಡಿಕೊಂಡಳು. ಯಾವ ಸಾಲಿಗೆ ಏನು ಕೊಟ್ಟಿದ್ದಾರೆಂಬ ಗುಟ್ಟಿನ ಲಕೋಟೆಯನ್ನು ನಿನ್ನೆಯಷ್ಟೇ ಒಡೆದಿದ್ದರು. "ಮೇಲಿನ ಸಾಲಿನವಕ್ಕೆ ಬರೀ ನೀರು. ದಿನಕ್ಕೆ ಹನ್ನೆರಡು ಫಿಟ್ಸ್. ಕೆಳಗಿನ ಸಾಲಿಗೆ ನಮ್ಮ ಔಷಧ. ಎಷ್ಟು ಗೊತ್ತಾ? ಸೊನ್ನೆ!" ಆ ಸೊನ್ನೆಯನ್ನು ಅವಳು ನಿನ್ನೆಯಿಂದ ಎಳೆಗೂಸಿನಂತೆ ಎತ್ತಿಕೊಂಡು ತಿರುಗುತ್ತಿದ್ದಳು. ಕಂಡವರಿಗೆಲ್ಲ ತೋರಿಸಿಯೂ ಆಗಿತ್ತು.

ಅಷ್ಟರಲ್ಲಿ ಮೇಲಿನ ಸಾಲಿನ ಇಲಿಯೊಂದು ಸೆಟೆದು ಪಕ್ಕಕ್ಕೆ ಉರುಳಿತು. ಬಾಲ ಕೋಲಿನಂತೆ ನೆಟ್ಟಗಾಯಿತು, ಮುಂಗಾಲುಗಳು ಪಟಪಟನೆ ಬಡಿದುಕೊಂಡವು. ಟೈಲರಮ್ಮನ ತಮಾಷೆಯೆಲ್ಲ ಎಲ್ಲಿ ಹೋಯಿತೋ, ತುಟಿ ಮಾತ್ರ ಅಲುಗುತ್ತಿತ್ತು. "ಮೂವತ್ತೆಂಟು," ಎಂದಳು, ಇಲಿ ನಿಶ್ಚಲವಾದಾಗ. ಗೋಡೆಯ ಗಡಿಯಾರದ ಕಡೆ ಅವಳು ನೋಡಿರಲೇ ಇಲ್ಲ. ಸಂಶೋಧಕಿಯ ಪರದೆಯ ಮೇಲೂ ಮೂವತ್ತೆಂಟು ಸೆಕೆಂಡೇ ದಾಖಲಾಗಿತ್ತು.

ಸ್ವಲ್ಪ ಹೊತ್ತಿಗೆ ಇಲಿ ಎದ್ದಿತು, ಮೈ ಕೊಡವಿಕೊಂಡಿತು. ಗೂಡು ಕಟ್ಟಲೆಂದು ಹಾಕಿದ್ದ ಕಾಗದದ ಪಟ್ಟಿಗಳಲ್ಲಿ ಅರ್ಧಕ್ಕೆ ಬಿಟ್ಟಿದ್ದೊಂದನ್ನು ಬಾಯಲ್ಲಿ ಕಚ್ಚಿ, ದರದರ ಎಳೆದುಕೊಂಡು ಹೋಗಿ ತನ್ನ ಗುಂಡನೆಯ ಗೂಡಿಗೆ ಸಿಕ್ಕಿಸಿತು. ಟೈಲರಮ್ಮ ಬಗ್ಗಿ ಕೆಳಗಿನ ಸಾಲನ್ನು ನೋಡಿದಳು. ಅಲ್ಲಿ ಪಂಜರ ಪಂಜರದಲ್ಲೂ ಪಟ್ಟಿಗಳು ಇಟ್ಟ ಮಡಿಕೆಯಲ್ಲೇ ಇದ್ದವು. ಇಲಿಗಳು ಮೂಲೆಯಲ್ಲಿ ಕೂತು ಗೋಡೆ ನೋಡುತ್ತಿದ್ದವು.

"ಇವು ಯಾಕೆ ಕೆಲ್ಸಾನೇ ಮುಟ್ಟಿಲ್ಲ?"

"ಆರಾಮಾಗಿವೆ," ಎಂದಳು ಸಂಶೋಧಕಿ.

"ನನ್ನ ಮಗಳೂ ಹೋದ್ವರ್ಷ ಹೀಗೇ ಆರಾಮಾಗಿದ್ಲು. ಔಷಧಿ ಬದಲಾಯಿಸಿದ್ರು, ಫಿಟ್ಸ್ ನಿಂತೋಯ್ತು. ನೆಂಟ್ರಿಗೆಲ್ಲ ಫೋನ್ ಮಾಡಿ ಹೇಳ್ದೆ. ಆಮೇಲೆ ನೋಡ್ತೀನಿ, ಜಡೆ ಬಿಗಿಯಾಗಿ ಎಳೆದ್ರೂ ಅಯ್ಯೋ ಅನ್ನಲ್ಲ. ಅವಳಣ್ಣ ಪೆನ್ಸಿಲ್ ಕಿತ್ಕೊಂಡ್ರೂ ಕಚ್ಚಲ್ಲ. ಡಾಕ್ಟ್ರ ಹತ್ರ ಓಡಿಹೋಗಿ, ಮಗಳು ಕಳೆದೋಗಿದಾಳೆ ಅಂದೆ. ಇಲ್ಲೇ ಕೂತಿದಾಳಲ್ಲಮ್ಮ ಅಂದ್ರು. ಹಠ ಮಾಡಿ ಹಳೇ ಔಷಧಿಗೇ ವಾಪಸ್ ಬಂದ್ವಿ; ಫಿಟ್ಸೂ ಬಂತು, ಮಗಳೂ ಬಂದ್ಲು."

ಸಂಶೋಧಕಿ ಇಲಿಮಾವನ ಕಡೆ ತಿರುಗಿದಳು. "ಇದನ್ನ ನೀವು ಗಮನಿಸಿರಲಿಲ್ವಾ?"

"ಮೂರು ವಾರದಿಂದ ಬರೀತಾನೇ ಇದೀನಲ್ಲ ಮೇಡಂ," ಎಂದು ಅವನು ಕಡತ ತೆರೆದು ಮುಂದೆ ಹಿಡಿದ. 'ಸ್ವಚ್ಛತೆ' ಎಂಬ ಕಾಲಂನಲ್ಲಿ ದಿನವೂ ಒಂದೇ ಸಾಲು: ಕೆಳಗಿನ ಸಾಲು, ಪಂಜರ ಬಹಳ ಚೊಕ್ಕಟ. ಪ್ರತಿ ಸಾಲಿನ ಪಕ್ಕದಲ್ಲೂ ಸಂಶೋಧಕಿಯ ಸಹಿ. ಒಂದು ಕಡೆ ಅವಳದೇ ಅಕ್ಷರದಲ್ಲಿ 'ಭೇಷ್' ಎಂದೂ ಇತ್ತು.

"ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಪಟ್ಟಿ ಹರೀದಿದ್ರೆ ಕಸ ಎಲ್ಲಿಂದ ಬರುತ್ತೆ? ಗೂಡಿಗೆ ಅಂತ ಕಾಲಂ ಇರ್ಲಿಲ್ಲ. ಅಲ್ದೆ ನೀವು ಭೇಷ್ ಅಂದ್ಮೇಲೆ ನಾನೇನು ಹೇಳ್ಲಿ?"

ಸಂಶೋಧಕಿಯ ಮುಖ ಮಾಸ್ಕಿನೊಳಗೇ ಕೆಂಪಾಯಿತು. ಕೆಳಗಿನ ಪಂಜರವೊಂದರ ಮುಚ್ಚಳ ತೆಗೆದು, ಹೊಸ ಪಟ್ಟಿಯೊಂದನ್ನು ಇಲಿಯ ಮೂಗಿನ ಮುಂದೆಯೇ ಆಡಿಸಿದಳು. ಅದು ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ಗೋಡೆ ನೋಡತೊಡಗಿತು. ಇನ್ನೊಂದು ಪಂಜರ, ಮತ್ತೊಂದು. ಎಲ್ಲೆಲ್ಲೂ ಅದೇ ಕತೆ. ಎಂಟನೆಯ ಪಂಜರ ಮುಚ್ಚಿದ ಮೇಲೆ ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ಟೈಲರಮ್ಮ, "ಬಿಚ್ಚಿ ಹೊಲೀದೆ ಇರೋ ಟೈಲರ್ ಯಾರಿದಾರೆ, ಏಳಿ" ಎಂದು ಕೈ ಹಿಡಿದು ಎಬ್ಬಿಸಿದಳು.

ಮರುದಿನವೇ ಪ್ರಯೋಗ ಹೊಸದಾಗಿ ಶುರುವಾಯಿತು. ಔಷಧದ ಪ್ರಮಾಣ ಅರ್ಧಕ್ಕಿಳಿಯಿತು, ಕಡತದಲ್ಲಿ 'ಗೂಡು' ಎಂಬ ಕಾಲಂ ಬಂತು. "ಸೊನ್ನೆ ಸಿಕ್ಕಿದ್ಮೇಲೂ ಹುಡುಕ್ತಾರೇನ್ರೀ?" ಎಂದು ವಿಭಾಗದ ಮುಖ್ಯಸ್ಥ ಗೊಣಗಿದ. ಅವಳು ತಲೆಗೆ ಹಾಕಿಕೊಳ್ಳಲಿಲ್ಲ.

ಐದು ವಾರದ ನಂತರ ಅವಳೇ ಟೈಲರಮ್ಮನಿಗೆ ಫೋನು ಮಾಡಿದಳು. "ಈ ಸಲ ಸೊನ್ನೆ ಬರ್ಲಿಲ್ಲ. ದಿನಕ್ಕೆ ಎರಡು ಫಿಟ್ಸ್ ಬರ್ತಾನೇ ಇದೆ."

"ಮಿಕ್ಕ ಹೊತ್ತು?"

"ಮಿಕ್ಕ ಹೊತ್ತಾ? ಪಟ್ಟಿ ಹರೀತವೆ, ಗೂಡು ಕಟ್ತವೆ, ಕಟ್ಟಿದ್ದನ್ನ ತಾವೇ ಕೆಡಿಸ್ತವೆ. ನಿನ್ನೆ ಒಂದು ಇಲಿಮಾವನ ಕೈಗವಸು ಕಚ್ಚಿ ತೂತು ಮಾಡ್ತು." ಹೇಳುತ್ತ ಹೇಳುತ್ತ ತಾನು ನಗುತ್ತಿರುವುದು ಸಂಶೋಧಕಿಗೇ ಗೊತ್ತಾಗಿ, ಗಂಭೀರಳಾದಳು. "ಆದ್ರೆ ಇದು ಮಕ್ಕಳ ತನಕ ಬರೋಕೆ ಇನ್ನೂ ವರ್ಷಗಳೇ ಬೇಕು. ಬಂದ್ರೂ ಪೂರ್ತಿ ನಿಲ್ಲುತ್ತೆ ಅಂತ ನಾನು ಹೇಳಲಾರೆ."

ಆ ಕಡೆ ಹೊಲಿಗೆ ಯಂತ್ರ ನಿಂತಿತು.

"ಮಿಕ್ಕ ಹೊತ್ತನ್ನ ನೀವು ಉಳಿಸಿಕೊಡಿ ಮೇಡಂ," ಎಂದಳು ಟೈಲರಮ್ಮ. "ಆ ಎರಡನ್ನ ನಾನು ನೋಡ್ಕೋತೀನಿ."