ನಾಲ್ಕು ಗಂಟೆಯ ಮಿಡಿತ

ಕಷಾಯ ಹೀರಿದ ಸೋರೆಬುರುಡೆಯನ್ನು ಹಿಂದಕ್ಕೆ ಕೊಡುತ್ತಾ ನೇಲಿದಾ "ಗ್ರಾಸಿಯಾಸ್" ಎಂದುಬಿಟ್ಟಳು. ಲಾ ಪ್ಲಾತಾ ಊರಲ್ಲಿ 'ಮಾತೆ' ಎಂಬ ಎಲೆಯ ಕಷಾಯ ಕುಡಿಯುವಾಗ ಯಾರೂ ಬಾಯಿತಪ್ಪಿ ಕೂಡ ಧನ್ಯವಾದ ಹೇಳುವುದಿಲ್ಲ. ಹೇಳಿದರೆ 'ನನಗೆ ಸಾಕು, ಇನ್ನು ಬೇಡ' ಎಂದೇ ಅರ್ಥ. ಹತ್ತೊಂಬತ್ತು ವರ್ಷಗಳಿಂದ, ಸಂಜೆ ನಾಲ್ಕಕ್ಕೆ, ವಿಜ್ಞಾನಿ ಇತುರಾಲ್ದೆಯವರೂ ಅವರ ಪ್ರಯೋಗಾಲಯದ ಸಹಾಯಕಿ ನೇಲಿದಾಳೂ ಒಂದೇ ಬುರುಡೆಯಿಂದ ಸರದಿಯ ಮೇಲೆ ಹೀರುತ್ತಾ ಬಂದಿದ್ದರು. ಆ ಪದ ಅವಳ ಬಾಯಿಂದ ಬಂದದ್ದು ಇದೇ ಮೊದಲು.

"ಏನಮ್ಮಾ, ಎರಡೇ ಸರದಿಗೆ ಸಾಕಾಯ್ತಾ? ನೀರು ಕುದ್ದು ಕಹಿಯಾಗಿತ್ತಾ?"

"ನೀರು ಚೆನ್ನಾಗೇ ಇದೆ ಡಾಕ್ಟ್ರೇ. ಸಾಕಾಗಿರೋದು ನನಗೆ. ಐದು ಗಂಟೆ ಸಭೆಗೆ ನೀವು ಹೋಗ್ಬೇಡಿ."

ಹೋಗದೆ ಉಂಟೇ! ಕಪ್ಪೆಯ ಮೊಟ್ಟೆ ಸೀಳುವುದರಿಂದ ಹಿಡಿದು ಯಾವ ಅಂಗವಾಗಿಯಾದರೂ ಬೆಳೆಯಬಲ್ಲ ಕಾಂಡಕೋಶದಿಂದ ಕುರುಡರ ಕಣ್ಣಿಗೆ ಹೊಸ ಪಾರದರ್ಶಕ ಪಟಲ ಬೆಳೆಸುವವರೆಗೆ ಐವತ್ತು ವರ್ಷ ದುಡಿದ ಮನುಷ್ಯ. ಈಚೆಗೆ 'ಸಾವು ಎಂಬುದೇ ಇಲ್ಲ, ಅರಿವಿಗೆ ದೇಹದ ಹಂಗಿಲ್ಲ' ಎನ್ನತೊಡಗಿ ಜೊತೆಯವರ ನಡುವೆ ನಗೆಪಾಟಲಾಗಿದ್ದರು. ಇವತ್ತು ಸಭೆಯಲ್ಲಿ ಅವರೆಲ್ಲರ ಬಾಯಿ ಮುಚ್ಚಿಸುವ ದಿನ. ತೀರಿಕೊಂಡ ಹೆಂಡತಿ ಡೆಲ್ಫಿನಾಳ ಚರ್ಮದ ಚೂರನ್ನು ಕಾಂಡಕೋಶವಾಗಿಸಿ, ಅದರಿಂದ ಹೃದಯದ ಕೋಶಗಳನ್ನು ಬೆಳೆಸಿದ್ದರು. ಬಟ್ಟಲಿನಲ್ಲಿ ಅವು ಮಿಡಿಯುತ್ತಿದ್ದವು. ಅಷ್ಟೇ ಆಗಿದ್ದರೆ ಸೋಜಿಗವೇನೂ ಇರಲಿಲ್ಲ. ನಾಲ್ಕು ಗಂಟೆಗೆ ಡಾಕ್ಟರು ಬಾಗಿಲು ದೂಡಿ ಒಳಗೆ ಬಂದೊಡನೆ ಮಿಡಿತ ಜೋರಾಗುತ್ತಿತ್ತು. ಮೂರು ವರ್ಷದ ದಾಖಲೆಯಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

"ಸಭೆ ಆದ್ಮೇಲೆ ಕೋಶ ಯಾರದ್ದು ಅಂತ ಪರೀಕ್ಷೆ ಮಾಡ್ತಾರಂತೆ," ಎಂದಳು ನೇಲಿದಾ.

"ಮಾಡ್ಲಿ! ಡೆಲ್ಫಿನಾದು ಅಂತ್ಲೇ ಬರತ್ತೆ."

"ಬರಲ್ಲ. ಅದು ಅಮ್ಮಾವ್ರದ್ದಲ್ಲ ಡಾಕ್ಟ್ರೇ. ನಂದು."

ಅವಳು ತೋಳು ಮಡಚಿ ಮೊಣಕೈ ಹತ್ತಿರದ ಬೇಳೆಗಾತ್ರದ ಕಲೆ ತೋರಿಸಿದಳು. "ಈ ದಾಖಲೆ ಶುರುವಾಗೋ ಮುಂಚಿನ ಜನವರಿ ಬೇಸಿಗೇಲಿ ನೀವು ಸೊಂಟ ಮುರ್ಕೊಂಡು ಮಗಳ ಮನೇಲಿ ತಿಂಗಳುಗಟ್ಲೆ ಮಲಗಿದ್ರಲ್ಲ. ಸೆಕೆಗೆ ಊರಿಗೆ ಊರೇ ಕರೆಂಟ್ ಹೋಯ್ತು, ಮೂರು ದಿನ ಬರ್ಲಿಲ್ಲ. ಅಮ್ಮಾವ್ರದ್ದು ಒಂದು ಕೋಶಾನೂ ಉಳೀಲಿಲ್ಲ. ಅವರು ಇನ್ನೊಂದ್ಸಲ ಸತ್ರು ಅಂತ ನಿಮಗೆ ಯಾವ ಬಾಯಲ್ಲಿ ಹೇಳ್ಲಿ? ಅದಕ್ಕೇ ನನ್ನ ಚರ್ಮದ ಚೂರು ತೆಗೆದು ಮತ್ತೆ ಬೆಳೆಸ್ದೆ."

ಡಾಕ್ಟರು ಕುಸಿದು ಕುಳಿತರು. "ಹಾಗಾದ್ರೆ ಡೆಲ್ಫಿನಾ ಎಲ್ಲಿ?" ಎಂದು ಮಗುವಿನ ಹಾಗೆ ಕೇಳಿದರು. ನೇಲಿದಾಳಿಗೆ ಹೇಳಬಾರದಿತ್ತು ಅನ್ನಿಸಿತು, ಹೇಳದೆ ವಿಧಿಯೂ ಇರಲಿಲ್ಲ.

ಡಾಕ್ಟರ ಕಣ್ಣು ಗೋಡೆಗೆ ಅಂಟಿಸಿದ್ದ ಮಿಡಿತದ ದಾಖಲೆಯ ಗೆರೆಗಳತ್ತ ಹೊರಳಿತು.

"ಮತ್ತೆ ಇದು ಯಾಕೆ ಏರ್ತಿತ್ತು?"

ನೇಲಿದಾಳ ಮುಖ ಕೆಂಪಡರಿತು.

"ಭಾನುವಾರ ಇಲ್ಲಿಗೆ ನಾನೊಬ್ನೇ ಬರೋದು. ನೀನು ಆಚೆ ಊರು ಬೆರಿಸ್ಸೋದಲ್ಲಿ ನಿನ್ನ ಮನೇಲಿರ್ತೀಯ. ಆಗ್ಲೂ ಏರಿದೆ. ಭಾನುವಾರ ನಾಲ್ಕಕ್ಕೆ ಏನ್ ಮಾಡ್ತಿರ್ತೀಯ ನೀನು?"

"ಬಟ್ಟೆ ಇಸ್ತ್ರಿ ಮಾಡ್ತಿರ್ತೀನಿ." ಅವಳ ದನಿ ಇಳಿಯಿತು. "ಇದ್ದಕ್ಕಿದ್ದಂಗೆ ಎದೆ ಹೊಡ್ಕೊಳ್ಳತ್ತೆ. ಆಸ್ಪತ್ರೇಲಿ ತೋರಿಸ್ದೆ. ವಯಸ್ಸಾಯ್ತಲ್ಲ ಅಂದ್ರು."

ಇಬ್ಬರೂ ಬಟ್ಟಲಿನ ಕಡೆ ನೋಡಿದರು. "ನಾನು ಬಂದಿದ್ದು ಮೊದ್ಲು ಯಾರಿಗೆ ಗೊತ್ತಾಗತ್ತೆ?" ಎಂದು ಡಾಕ್ಟರು ಪಿಸುಗುಟ್ಟಿದರು. "ನಿನಗೋ, ಅದಕ್ಕೋ?" ನೇಲಿದಾ ಬಟ್ಟಲಿನಿಂದ ದೂರ ಸರಿದಳು. ಡಾಕ್ಟರಂತೂ ಕೋಲು ಊರಿ ಎದ್ದೇಬಿಟ್ಟರು.

"ಅಲ್ಲ, ಇದು ಅದಕ್ಕಿಂತ ದೊಡ್ಡದು! ಒಂದೇ ಅರಿವು, ಎರಡು ಕಡೆ! ಸಭೇಲಿ ತೋರಿಸೋ ಪರದೆ ಮೇಲೆ ಡೆಲ್ಫಿನಾ ಹೆಸರು ತೆಗೆದು ನಿನ್ನ ಹೆಸರು ಹಾಕ್ತೀನಿ. ನೀನೂ ಬಂದು ಪಕ್ಕದಲ್ಲಿ ನಿಂತ್ಕೋ."

"ಅಯ್ಯೋ, ನಿಮ್ಮ ದಮ್ಮಯ್ಯ! ಅದು ಯಾಕೆ ಏರತ್ತೆ ಅಂತ ಕೇಳಿದ್ರೆ? ನಿಮ್ಮ ಹೆಣ್ಣುಮಕ್ಳು ಎದುರಿಗೇ ಕೂತಿರ್ತಾರೆ!"

"ಯಾಕೆ ಅನ್ನೋದು ಮುಖ್ಯ ಅಲ್ಲ ಕಣಮ್ಮಾ. ಏರತ್ತೆ ಅನ್ನೋದು ಮುಖ್ಯ." ಅಷ್ಟು ಹೇಳಿ ಕುಂಟುತ್ತಲೇ ಪಕ್ಕದ ಕೋಣೆಯ ಕಂಪ್ಯೂಟರಿನತ್ತ ಓಡಿದರು.

ಯಾಕೆ ಅನ್ನೋದು ಮುಖ್ಯ ಅಲ್ಲವಂತೆ! ನಾಚಿಕೆಯೂ ಸಿಟ್ಟೂ ಒಟ್ಟಿಗೇ ಉಕ್ಕಿ ನೇಲಿದಾಳ ಕಣ್ಣು ಮಂಜಾಯಿತು. ಹತ್ತೊಂಬತ್ತು ವರ್ಷ ತುಟಿ ಪಿಟಕ್ಕೆನ್ನದೆ ಬಚ್ಚಿಟ್ಟುಕೊಂಡದ್ದನ್ನು ಇನ್ನು ಅರ್ಧ ಗಂಟೆಯಲ್ಲಿ ಊರ ಮುಂದೆ ಪರದೆಗೆ ಏರಿಸುತ್ತಾರೆ. ಬೇಡವಾದ ಕೋಶಗಳನ್ನು ಕೊಲ್ಲಲೆಂದೇ ಸಿಂಕಿನ ಕೆಳಗಿಟ್ಟಿದ್ದ ಬ್ಲೀಚ್ ಬಾಟಲಿಯನ್ನು ತೆಗೆದು ಅವಳು ಬಟ್ಟಲಿನ ತುಂಬ ಸುರಿದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದಳು. ಅದು ಎರಡು ಸಲ ಮುದುಡಿತು, ಮೂರನೆಯ ಸಲ ಅರ್ಧಕ್ಕೆ ನಿಂತಿತು.

ಇನ್ನು ನನ್ನ ಎದೆಬಡಿತವೂ ನಿಲ್ಲುತ್ತದೆ ಎಂದು ಅವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ನಿಲ್ಲಲಿಲ್ಲ. ಒಂದೇ ಸಮನೆ ನಿರಾಳವಾಗಿ ಹೊಡೆದುಕೊಳ್ಳುತ್ತಿತ್ತು. ಎಷ್ಟೋ ವರ್ಷದಿಂದ ಅದು ಹಾಗೆ ಹೊಡೆದುಕೊಂಡಿರಲಿಲ್ಲ.

ಬಾಗಿಲು ದೂಡಿದ ಸದ್ದಾಯಿತು. "ನೇಲಿದಾ, ನಿನ್ನ ಮನೆತನದ ಹೆಸರೇನು?"

ನೇಲಿದಾ ತಿರುಗಿದಳು. ಅದೇ ಕೋಲು, ಅದೇ ಬಿಳಿ ಕೋಟು, ಅದೇ ದಪ್ಪ ಕನ್ನಡಕ. ಎಲ್ಲವೂ ಅವಳಿಗೆ ಗುರುತು ಸಿಕ್ಕಿತು. ಎದೆ ಹಾರಲಿ ಎಂದು ಉಸಿರು ಬಿಗಿಹಿಡಿದು ಕಾದಳು. ಅದು ಹಾರಲಿಲ್ಲ, ಅದೇ ನಿರಾಳದಲ್ಲಿ ಹೊಡೆದುಕೊಳ್ಳುತ್ತಿತ್ತು. ಬಾಗಿಲಲ್ಲಿ ಯಾರೋ ಒಬ್ಬ ಮುದುಕ ನಿಂತಿದ್ದ.